ವೆಂಟ್ ಮುಚ್ಚಿದ್ರೆ ಎಂತ ಆಗ್ತದೆ? ನಮ್ಮ ವಿಮಾನದ ಫ್ಯೂಯೆಲ್ ಟೆಸ್ಟ್

ಮೂಗು ಎತ್ತಿ ನಿಲ್ಸಿದ್ದು ಕಾಣ್ತಾ ಉಂಟಲ್ಲಾ, ಮುಂದಿನ ಚಕ್ರದ ಅಡಿಗೆ ಕೆಂಪುಕಲ್ಲು ಇಟ್ಟದ್ದು, ಏರುವಾಗಿನ ಕೋನಕ್ಕಿಂತ ಐದು ಡಿಗ್ರಿ ಜಾಸ್ತಿಯೇ ಇರ್ಲಿ ಅಂತ. ಸಮತಟ್ಟು ನಿಲ್ಸಿ ಟ್ಯಾಂಕಿಯಿಂದ ಇಂಜಿನಿಗೆ ಪೆಟ್ರೋಲ್ ಬರ್ತದೆ ಅಂದ್ರೆ ಅದು ಟೆಸ್ಟೇ ಅಲ್ಲ. ಇಂಜಿನ್ ರೋಟಾಕ್ಸ್ 912 ಯುಎಲ್‌ಎಸ್, ಟೇಕಾಫಲ್ಲಿ ಗಂಟೆಗೆ 27 ಲೀಟರ್ ಕುಡೀತದೆ, ಪಂಪ್ ಇರುವ ಸಿಸ್ಟಮಲ್ಲಿ ಅದರ 125 ಪರ್ಸೆಂಟ್ ಬರ್ಲೇಬೇಕು, ಅಂದ್ರೆ ನಿಮಿಷಕ್ಕೆ 563 ಎಂಎಲ್ ಹತ್ರ. ಇಂಜಿನಿನ ಪಂಪ್ ಸತ್ತಿದೆ ಅಂತ ಇಟ್ಕೊಳ್ಳಿ, ಎಲೆಕ್ಟ್ರಿಕ್ ಪಂಪ್ ಒಂದೇ. ನನ್ನ ತಮ್ಮ ವಾಚ್ ಹಿಡ್ಕೊಂಡಿದ್ದಾನೆ... ಪಾಸ್.

ಈಗ ನನಗೆ ನಿಜವಾಗಿ ಹೆದರಿಕೆ ಇರುವ ವಿಷಯ, ಟ್ಯಾಂಕಿಗೆ ಗಾಳಿ ಹೋಗುವ ವೆಂಟ್ ಪೈಪ್. ನಮ್ಮ ಬದಿಯಡ್ಕದಲ್ಲಿ ಕುಂಬಾರ ಹುಳ ಬಿಡುವ ಜಾಗವೇ ಇಲ್ಲ ಮಾರಾಯ್ರೆ, ಬೀಗದ ತೂತಲ್ಲೂ ಗೂಡು. ಮೊನ್ನೆ ಎಡದ ವೆಂಟಿನ ಬಾಯಲ್ಲೇ ಕೆಂಪು ಮಣ್ಣು, ಕೆರೆದು ನೋಡಿದ್ರೆ ಒಳಗೆ ಮರಿಗೆ ಅಂತ ಹಸಿರು ಹುಳ ತುಂಬಿಸಿಟ್ಟಿದೆ! ಹಾಗಾಗಿ ಇವತ್ತು ಬೇಕಂತ್ಲೇ ವೆಂಟಿಗೆ ಟೇಪ್ ಸುತ್ತಿ ಪಂಪ್ ಹಾಕಿದ್ದು. ನೋಡಿ, ಧಾರೆ ಚಂದ ಬರ್ತಾ ಉಂಟು. ಇಲ್ಲೇ ಮೋಸ. ಟ್ಯಾಂಕಿಯೊಳಗಿನ ಗಾಳಿ ಹಿಗ್ಗಿ ಸ್ವಲ್ಪ ಹೊತ್ತು ಸುಧಾರಿಸ್ತದೆ, ಟ್ಯಾಂಕಿ ಖಾಲಿ ಇದ್ದಷ್ಟೂ ಜಾಸ್ತಿ ಹೊತ್ತು, ಆಮೇಲೆ ಧಾರೆ ಸಪೂರ ಆಗ್ತದೆ, ಈಗ ಆಯ್ತು ನೋಡಿ, ಡಬ್ ಅಂತ ಕೇಳಿತಾ, ತಗಡು ಒಳಗೆ ಎಳ್ಕೊಂಡದ್ದು! ಪಂಪ್ ಆಫ್ ಮಾಡು ಮಾರಾಯ, ಆಫ್! ನೆಲದಲ್ಲಿ ಇಂಜಿನ್ ಸರಿ ಓಡಿ ಮೇಲೆ ಏರಿದ ಮೇಲೆ ನಿಲ್ಲುವುದು ಹೀಗೆಯೇ. ಹುಳ ಹೋಗದ ಹಾಗೆ ವೆಂಟಿನ ಬಾಯಿಗೆ ಸಪೂರದ ಬಲೆ ಹಾಕಿದ್ರೆ ಸಾಕು. ಅಲ್ಲ, ಬಲೆಯ ಮೇಲೆಯೇ ಮಣ್ಣು ಮೆತ್ತಿದ್ರೆ? ಸಾಕಾಗ್ಲಿಕ್ಕಿಲ್ಲ, ಬೇರೆ ಜಾಗದಲ್ಲಿ ಎರಡನೇ ವೆಂಟ್ ಬೇಕೇ ಬೇಕು.

ಹಿಂದೆ ಆ ಶಬ್ದ ತೋಟಕ್ಕೆ ಮದ್ದು ಬಿಡುವ ಪಂಪಿಂದು, ಎರಡು ದಿನ ಬಿಸಿಲು ಬಂದದ್ದೇ ಎಲ್ಲರೂ ಬೋರ್ಡೋ ಮದ್ದು ಹಿಡ್ಕೊಂಡು ಹೊರಟಿದ್ದಾರೆ, ಈ ಸಲ ಅಡಿಕೆಗೆ ಕೊಳೆರೋಗ ಜೋರುಂಟು, ಜನ ಸಿಗುವುದೇ ಕಷ್ಟ... ಹಾಂ, ಬಾಟ್ಲಿ! ಪೆಟ್ರೋಲಲ್ಲಿ ಎಥನಾಲ್ ಎಷ್ಟುಂಟು ಅಂತ ನೋಡ್ಲಿಕ್ಕೆ. 90 ಎಂಎಲ್ ಬಂಕಿನ ಪೆಟ್ರೋಲ್, 10 ಎಂಎಲ್ ನೀರು, ಕುಲುಕಿ ಇಟ್ಟದ್ದು. ನೀರಿನ ಗೆರೆ 10ರಿಂದ ಎಷ್ಟು ಮೇಲೆ ಹೋಯ್ತು ನೋಡಿ, ಅದೆಲ್ಲ ಎಥನಾಲ್. ರೋಟಾಕ್ಸ್ ಒಪ್ಪುವುದು 10 ಪರ್ಸೆಂಟ್ ವರೆಗೆ, ಬಂಕಲ್ಲಿ ಸಿಗುವುದು 20ರದ್ದು. ನಮ್ಮ ಮಳೆಗಾಲದ ತೇವಕ್ಕೆ ಎಥನಾಲ್ ನೀರು ಎಳ್ಕೊಂಡು ಅಡಿಗೆ ಕೂತ್ರೆ ಇಂಜಿನಿಗೆ ಮೊದ್ಲು ಹೋಗುವುದೇ ಅದು. ನಮ್ಮ ಟ್ಯಾಂಕಿಗೆ ಇದು ಬೇಡ, ವಿಮಾನಕ್ಕೇ ಅಂತ ಬರುವ ಪೆಟ್ರೋಲ್, ಏವ್‌ಗ್ಯಾಸೇ.

ಮೋಡ ಕಟ್ಟಿತು, ಕ್ಯಾನ್ ಒಳಗಿಡ್ತೇನೆ. ಬಲದ ಟ್ಯಾಂಕಿಂದು ನಾಳೆ.