ಮೊದಲು ತುದಿ ನೋಡಿ

ಕೇಳುಗರಿಗೆ ನಮಸ್ಕಾರ. ಉಷ್ಣವಲಯದ ಕಡಲತೀರದಲ್ಲಿ ಚಿಪ್ಪು ಆಯುವವರು ದೊಡ್ಡ ಕವಡೆ, ಶಂಖಗಳನ್ನೇ ಎತ್ತಿಕೊಂಡು, ಕಾಲಿಗಂಟಿದ ಮರಳನ್ನು ಕೊಡವಿಬಿಡುತ್ತಾರೆ. ನಿಜವಾದ ಸಂಪತ್ತು ಇರುವುದು ಆ ಮರಳಿನಲ್ಲಿ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಕೂಮಾಕ್ ಬಳಿ 295 ಚದರ ಕಿಲೋಮೀಟರ್ ಜಾಲಾಡಿದಾಗ 2,738 ಜಾತಿಯ ಮೃದ್ವಂಗಿಗಳು ಸಿಕ್ಕವು. ಅವುಗಳಲ್ಲಿ ಸುಮಾರು ಮೂರನೇ ಒಂದು ಪಾಲು, ಪೂರ್ತಿ ಬೆಳೆದಾಗಲೂ 4.1 ಮಿಲಿಮೀಟರ್‌ಗಿಂತ ಸಣ್ಣವು!

ಒಂದು ಬೊಗಸೆ ಮರಳನ್ನು ಸಿಹಿನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಅರ್ಧ ಮಿಲಿಮೀಟರ್ ಕಣ್ಣಿನ ಜರಡಿ ಹಿಡಿಯಿರಿ. ಉಳಿದದ್ದನ್ನು ಕಪ್ಪು ಕಾಗದದ ಮೇಲೆ ತೆಳ್ಳಗೆ ಹರಡಿ, 20 ಪಟ್ಟು ಹಿಗ್ಗಿಸಿ ನೋಡಿ. ಚಿಮಟ ಬೇಡವೇ ಬೇಡ, ಸಾಸಿವೆಗಿಂತ ಸಣ್ಣ ಚಿಪ್ಪು ಪುಡಿಯಾಗುತ್ತದೆ, ಇಲ್ಲವೇ ಚಿಮ್ಮಿ ಕಳೆದುಹೋಗುತ್ತದೆ. ಒದ್ದೆ ಮಾಡಿದ ಸಣ್ಣ ಕುಂಚದ ಮೊನೆಗೆ ತಾನೇ ಅಂಟಿಕೊಳ್ಳುತ್ತದೆ.

ಈಗ ತುದಿ ನೋಡಿ, ಅಂದರೆ ಚಿಪ್ಪಿನ ಸುರುಳಿ ಶುರುವಾಗುವ ಜಾಗ. ಬಣ್ಣ, ಹೊಳಪು ಆಮೇಲೆ. ತುದಿಯಲ್ಲಿರುವುದು ಮರಿಚಿಪ್ಪು, ಅಂದರೆ ಪ್ರೊಟೊಕಾಂಕ್. ಚಿಪ್ಪಿನೊಳಗಿನ ಹುಳು ಮರಿಯಾಗಿದ್ದಾಗ ಕಟ್ಟಿದ್ದು. ಅದು ಚೂಪಾಗಿದ್ದು ಮೂರಕ್ಕಿಂತ ಹೆಚ್ಚು ಸುತ್ತುಗಳಿದ್ದರೆ, ಮರಿ ತೇಲುತ್ತಾ ಸೂಕ್ಷ್ಮಪಾಚಿ ತಿಂದು ಬೆಳೆದದ್ದು. ಗುಂಡಗೆ, ದಪ್ಪಗೆ, ಒಂದೂವರೆ ಸುತ್ತಷ್ಟೇ ಇದ್ದರೆ ಮೊಟ್ಟೆಯ ಭಂಡಾರ ಉಂಡೇ ಬೆಳೆದದ್ದು. ಕೆಳಗಿನ ಸುತ್ತುಗಳೆಲ್ಲ ತದ್ರೂಪವಾಗಿದ್ದರೂ ತುದಿ ಬೇರೆಯಾದರೆ ಸಾಮಾನ್ಯವಾಗಿ ಜಾತಿಯೂ ಬೇರೆ.

ತುದಿಯನ್ನು ಕಡೆಗಣಿಸಿದರೆ ಏನಾಗುತ್ತದೆ? ರ‍್ಯಾಟಲ್‌ಸ್ನೇಕ್ ಎಂಬ ಬ್ರಿಟಿಷ್ ಹಡಗಿನಲ್ಲಿದ್ದ ಪ್ರಕೃತಿ ವಿಜ್ಞಾನಿ ಜಾನ್ ಮ್ಯಾಕ್‌ಗಿಲಿವ್ರೇ ಆಸ್ಟ್ರೇಲಿಯಾದ ಪೂರ್ವಕ್ಕೆ, ತೆರೆದ ಕಡಲಿನಲ್ಲಿ ತೇಲುತ್ತಿದ್ದ ಪುಟ್ಟ ಚಿಪ್ಪುಗಳನ್ನು ಹಿಡಿದರು. ಕಂದುಬಣ್ಣ, ಕೊಂಬಿನ ವಸ್ತುವಿನಂಥ ತೆಳು ಮೈ. ಇನ್ನೊಬ್ಬ ಪ್ರಕೃತಿ ವಿಜ್ಞಾನಿ ಎಡ್ವರ್ಡ್ ಫೋರ್ಬ್ಸ್ ಇದೊಂದು ಹೊಸ ಕುಲವೆಂದು ನಂಬಿ, 1852ರಲ್ಲಿ ಮ್ಯಾಕ್‌ಗಿಲಿವ್ರೇಯ ಎಂದು ಹಿಡಿದವರ ಹೆಸರನ್ನೇ ಇಟ್ಟರು. ಅಸಲಿಗೆ ಅವು ಟೊನ್ನಾ ಎಂಬ ದೊಡ್ಡ ಶಂಖದ ಮರಿಗಳು! ಬೆಳೆದ ಟೊನ್ನಾದ ತುದಿಯಲ್ಲಿ ಅದೇ ಕಂದು ಚಿಪ್ಪು ಕೂತಿರುತ್ತದೆ. ಸೈನುಸಿಜೆರ ಎಂಬ ಇನ್ನೊಂದು ‘ಕುಲ’ದ ಗತಿಯೂ ಇದೇ, ಅದನ್ನು ಹೇಳುತ್ತಾ ಕೂತರೆ ಸಮಯ ಸಾಲದು.

ಎಣಿಕೆ ಹೀಗೆ. ಚಿಪ್ಪನ್ನು ಮೇಣದಲ್ಲಿ ನೆಟ್ಟಗೆ ನಿಲ್ಲಿಸಿ ಮೇಲಿಂದ ನೋಡಿ. ನಡುವಿನ ಅರ್ಧವೃತ್ತದ ಬುಡಕ್ಕೆ ನೇರ ಗೆರೆ ಎಳೆದುಕೊಂಡು, ಅಲ್ಲಿಂದ ಸುತ್ತುಗಳನ್ನು ಕಾಲು ಸುತ್ತಿನ ಲೆಕ್ಕದವರೆಗೆ ಬರೆಯಿರಿ. ಕೆತ್ತನೆ ಥಟ್ಟನೆ ಬದಲಾಗುವಲ್ಲಿ ಮರಿಚಿಪ್ಪು ಮುಗಿಯಿತು. ತುದಿ ಪಕ್ಕಕ್ಕೆ ಅಡ್ಡಬಿದ್ದಿದೆಯೇ? ಪಿರಮಿಡೆಲಿಡೇ ಕುಟುಂಬವನ್ನು ಮೊದಲು ಹುಡುಕಿ. ತುದಿ ಮೇಲೆ, ಬಾಯಿ ನಿಮ್ಮ ಕಡೆ ಮಾಡಿ ಹಿಡಿದಾಗ ಆ ಬಾಯಿ ಎಡಕ್ಕೆ ಬಂದು, ಮೈತುಂಬ ಮಣಿಸಾಲುಗಳಿದ್ದರೆ ಟ್ರೈಫೊರಿಡೇ. ತುದಿಯೇ ಮುರಿದಿದ್ದರೆ? ಹೆಸರಿಡುವ ಆತುರ ಬೇಡ, ಇನ್ನೊಂದನ್ನು ಹುಡುಕಿ.

ಉದ್ದ, ಅಗಲ, ಕೆತ್ತನೆ, ಬಾಯಿಯ ಆಕಾರ, ನಡುಕಂಬದ (ಸುತ್ತುಗಳು ಸುತ್ತಿಕೊಳ್ಳುವ ಒಳಗಿನ ಕಂಬ) ಮಡಿಕೆ, ಕೊನೆಗೆ ಬಣ್ಣ, ಇದೇ ಕ್ರಮದಲ್ಲಿ ವರ್ಣಿಸಿ. ಚಿತ್ರದಲ್ಲಿ ಅಳತೆಗೆರೆ ಇರಲೇಬೇಕು. ಸ್ವಚ್ಛ ಮಾಡಲು ವಿನೆಗರ್ ಮುಟ್ಟಬೇಡಿ, ಸುಣ್ಣ ಕರಗಿ ತುದಿ ಹಾಳಾಗುತ್ತದೆ. ಮರದ ಪೆಟ್ಟಿಗೆಯಲ್ಲೂ ಇಡಬೇಡಿ, ಮರ ಬಿಡುವ ಆಮ್ಲದ ಆವಿಗೆ ಚಿಪ್ಪಿನ ಮೇಲೆ ಬಿಳಿ ಪುಡಿ ಏಳುತ್ತದೆ. ಗಾಜಿನ ಕೊಳವೆ ಸಾಕು. ಸ್ಥಳ, ಆಳ, ದಿನಾಂಕ ಬರೆದ ಪೆನ್ಸಿಲ್ ಚೀಟಿ ಅದರ ಒಳಗಿರಲಿ, ಹೊರಗೆ ಅಂಟಿಸಿದ್ದು ಉದುರಿಹೋಗುತ್ತದೆ. ನಮಸ್ಕಾರ.