ಮೊಟ್ಟೆ ತುಂಬಿದ ಮೀನಿಗೆ ದಾರಿ ಬಿಡಿ

ನಮಸ್ಕಾರ. ಇವತ್ತು ಇಥಿಯೋಪಿಯಾದ ತಾನಾ ಸರೋವರದ ಮಾತು. ನೀಲಿ ನೈಲ್ ನದಿ ಹೊರಡೋದು ಇಲ್ಲಿಂದ. ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರ, ಹತ್ತಿರ ಹತ್ತಿರ 3,000 ಚದರ ಕಿಲೋಮೀಟರ್ ನೀರು. ಆಳ ಮಾತ್ರ ಹೆಚ್ಚೆಂದರೆ 14 ಮೀಟರ್.

ಇಲ್ಲಿರೋ ಲೇಬಿಯೋಬಾರ್ಬಸ್ ಮೀನುಗಳು ನಮ್ಮ ರೋಹು, ಕಾಟ್ಲಾ, ಮಹಶೀರ್‌ಗಳ ಗೆಂಡೆ ಕುಟುಂಬದವೇ. ಸರೋವರದಿಂದ ಸ್ವಲ್ಪ ಕೆಳಗೆ ಟಿಸ್ ಇಸಾಟ್ ಜಲಪಾತ ಇದೆ, ಸುಮಾರು 40 ಮೀಟರ್. ಕೆಳಗಿನ ಮೀನು ಅದನ್ನ ಹತ್ತಿ ಬರೋಕಾಗಲ್ಲ. ಹಾಗಾಗಿ ಮೇಲೆ ಉಳಿದವು ತಮ್ಮಷ್ಟಕ್ಕೆ ಕವಲೊಡೆದು ಸುಮಾರು 15 ಜಾತಿಯಾಗಿವೆ.

ನನಗೆ ಇದರಲ್ಲಿ ತುಂಬಾ ಅಚ್ಚರಿ ಅನಿಸೋದು ಅವುಗಳ ಬಾಯಿ. ಗೆಂಡೆ ಜಾತಿಗೆ ದವಡೆಯಲ್ಲಿ ಹಲ್ಲೇ ಇಲ್ಲ, ಇರೋದು ಗಂಟಲಲ್ಲಿ. ಹೊಟ್ಟೆಚೀಲವೂ ಇಲ್ಲ, ತಿಂದದ್ದು ನೇರ ಕರುಳಿಗೆ. ಬೇಟೆಗೆ ಇಂಥ ದೇಹ ಒಗ್ಗೋದೇ ಇಲ್ಲ. ಆದರೂ ತಾನಾದಲ್ಲಿ 8 ಜಾತಿಗಳು ಬೇರೆ ಮೀನನ್ನೇ ಹಿಡಿದು, ಇಡಿಯಾಗಿ ನುಂಗಿ ಬದುಕ್ತಿವೆ!

ಇಷ್ಟೆಲ್ಲ ಇದ್ದೂ ಅವುಗಳಲ್ಲಿ ಹಲವಕ್ಕೆ ಮೊಟ್ಟೆಯಿಡೋಕೆ ನದಿಯೇ ಬೇಕು. ಮಳೆಗಾಲದಲ್ಲಿ ಗುಮಾರಾ, ರಿಬ್ ನದಿಗಳು ಸರೋವರ ಸೇರುವಲ್ಲಿ ಗುಂಪುಗೂಡಿ, ಆಮೇಲೆ ಪ್ರವಾಹಕ್ಕೆ ಎದುರಾಗಿ ಸಣ್ಣ ಹಳ್ಳಗಳವರೆಗೆ ಏರ್ತವೆ. ನಮ್ಮ ಮಲೆನಾಡಿನಲ್ಲಿ ಮುಂಗಾರಿಗೆ ಹತ್ತುಮೀನು ಏರೋದನ್ನ ನೋಡಿದವರಿಗೆ ಇದು ಗೊತ್ತು. ಅಲ್ಲಿ ತಿಳಿನೀರು, ತಳದಲ್ಲಿ ಜಲ್ಲಿ. ಮೊಟ್ಟೆ ಆ ಕಲ್ಲುಗಳ ಸಂದಿಗಿಳಿಯುತ್ತೆ, ಹರಿಯೋ ನೀರು ಅದಕ್ಕೆ ಉಸಿರು ಕೊಡುತ್ತೆ. ಕೆಸರು ಕೂತರೆ ಮೊಟ್ಟೆ ಉಸಿರುಕಟ್ಟಿ ಸಾಯುತ್ತೆ.

ಹಿಂದೆ ಇಲ್ಲಿ ಜೊಂಡಿನ ದೋಣಿ ಕಟ್ಟಿ ದಡದ ಹತ್ತಿರವೇ ಹಿಡೀತಿದ್ದರು. 1986ರಲ್ಲಿ ಮೋಟಾರು ದೋಣಿ, ನೈಲಾನ್ ಬಲೆ ಬಂದವು. ಮೀನು ಗುಂಪಾಗಿ ಸಿಗೋದು ನದಿಬಾಯಲ್ಲಿ, ಬಲೆಯೂ ಅಲ್ಲೇ ಬಿತ್ತು. 1990ರ ದಶಕ ಮುಗಿಯೋದರೊಳಗೆ ಈ ಮೀನುಗಳ ಸಂಖ್ಯೆ ತೀರಾ ಇಳಿದಿತ್ತು. ಬೆಳೆದು ಮೊಟ್ಟೆಯಿಡೋಕೆ ವರ್ಷಗಳು ಬೇಕಾಗೋ ಮೀನು ಇದು, ಬೇಗ ಚೇತರಿಸಿಕೊಳ್ಳಲ್ಲ.

ಮರಿ ಸಾಕಿ ಬಿಟ್ಟರಾಯ್ತು ಅನ್ನೋರಿದ್ದಾರೆ. ನಾನು ಒಪ್ಪಲ್ಲ. ಹಳ್ಳದ ಜಲ್ಲಿಯನ್ನ ಕಟ್ಟಡಕ್ಕೆ ತೋಡಿ, ನೀರನ್ನ ಅಣೆಕಟ್ಟಲ್ಲಿ ನಿಲ್ಲಿಸಿದರೆ ಬಿಟ್ಟ ಮರಿ ಬೆಳೆದು ಮೊಟ್ಟೆಯಿಡೋದಾದರೂ ಎಲ್ಲಿ? ಮೊಟ್ಟೆಯ ತಿಂಗಳುಗಳಲ್ಲಿ ನದಿಬಾಯಿಗೆ ಬಲೆ ಬೀಳಲೇಬಾರದು. ಸರೋವರದಲ್ಲಿ ಬೇರೆ ಕಡೆ ತಿಲಾಪಿಯಾ ಮೀನು ಹಿಡೀಲಿ, ಯಾರೂ ಬೇಡ ಅನ್ನಲ್ಲ. ಆದರೆ ಆ ತಿಂಗಳುಗಳಲ್ಲಿ ಬಲೆ ಮಡಚಿಡೋ ಮನೆಯ ಊಟಕ್ಕೆ ಏನು ದಾರಿ ಅನ್ನೋದನ್ನೂ ಬಲೆ ನಿಷೇಧಿಸೋ ಆದೇಶದಲ್ಲೇ ಬರೀಬೇಕು.