ಇಡೀ ರಾತ್ರಿ ಎಚ್ಚರಿದ್ದ ಊರು

ಕೇಳುಗರೆಲ್ಲರಿಗೂ ನಮಸ್ಕಾರಗಳು.

ಉಡುಪಿ ಎಂದೊಡನೆ ಹೊರಗಿನವರಿಗೆ ಕೃಷ್ಣಮಠ ನೆನಪಾಗುತ್ತದೆ, ಮಸಾಲೆ ದೋಸೆ ನೆನಪಾಗುತ್ತದೆ. 1970ರ ದಶಕದ ಕೊನೆಯ ವರ್ಷಗಳಲ್ಲಿ ಅಲ್ಲಿ ಕಾಲೇಜು ಓದಿದ ನನ್ನಂಥವರಿಗೆ ಮೊದಲು ನೆನಪಾಗುವುದು ಅಲ್ಲಿನ ರಾತ್ರಿಗಳು. ವರ್ಷದಲ್ಲಿ ಆರೇಳು ತಿಂಗಳು, ಆ ಸೀಮೆಯ ಒಂದಲ್ಲ ಒಂದು ಗದ್ದೆಯಲ್ಲಿ, ಕತ್ತಲಾದ ಮೇಲೆ ಯಕ್ಷಗಾನದ ಚೆಂಡೆಯ ಸದ್ದು ಕೇಳದ ದಿನವೇ ಇರಲಿಲ್ಲ. ದೀಪಾವಳಿಯ ಹೊತ್ತಿಗೆ ಯಕ್ಷಗಾನದ ತಂಡಗಳಾದ ಮೇಳಗಳು ಗೆಜ್ಜೆ ಕಟ್ಟಿ ಹೊರಟರೆ, ತಿರುಗಾಟ ಮುಗಿಯುವ ದಿನವಾದ ಮೇ ತಿಂಗಳ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತಿದ್ದವು. ನಮ್ಮ ಕಾಲೇಜಿನ ವರ್ಷ ಜೂನ್ ತಿಂಗಳ ಮಳೆಯಲ್ಲಿ ಶುರುವಾಗಿ ಬೇಸಗೆಯ ಪರೀಕ್ಷೆಗಳಲ್ಲಿ ಮುಗಿಯುತ್ತಿತ್ತು. ಈ ಎರಡು ಪಂಚಾಂಗಗಳೂ ಒಂದರ ಮೇಲೊಂದು ಬಿದ್ದಿದ್ದ ಆ ತಿಂಗಳುಗಳಲ್ಲೇ ನಮ್ಮ ವಿದ್ಯಾರ್ಥಿ ಜೀವನದ ಬಹುಪಾಲು ಸಂತೋಷಗಳು ನಡೆದವು.

ನಾನು ಓದಿದ್ದು ಕುಂಜಿಬೆಟ್ಟಿನ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿನಲ್ಲಿ. ಆ ಉದ್ದದ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, ಎಲ್ಲರಿಗೂ ಅದು ಎಂ.ಜಿ.ಎಂ. ಡಾ. ಟಿ.ಎಂ.ಎ. ಪೈಯವರು 1949ರಲ್ಲಿ ಅದನ್ನು ಸ್ಥಾಪಿಸಿದಾಗ ಉಡುಪಿಯ ಹುಡುಗರು ಪದವಿಗಾಗಿ ಮಂಗಳೂರಿಗೋ ಮದರಾಸಿಗೋ ಹೋಗಬೇಕಾಗಿತ್ತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಮ್ಮ ಕಾಲಕ್ಕೆ ಮಂಗಳೂರು ವಿಶ್ವವಿದ್ಯಾನಿಲಯ ಇನ್ನೂ ಹುಟ್ಟಿರಲಿಲ್ಲ, ಅದು ಬಂದದ್ದು 1980ರಲ್ಲಿ. ಹಾಗಾಗಿ ನಾವು ಬರೆದದ್ದು ಮೈಸೂರು ವಿಶ್ವವಿದ್ಯಾನಿಲಯದ ಪರೀಕ್ಷೆಗಳನ್ನು. ಮಲ್ಪೆ, ಕಟಪಾಡಿ, ಬ್ರಹ್ಮಾವರ, ಹಿರಿಯಡ್ಕಗಳಿಂದ ಖಾಸಗಿ ಬಸ್ಸುಗಳ ಬಾಗಿಲಲ್ಲಿ ತೂಗಾಡುತ್ತ ಬರುವ ವಿದ್ಯಾರ್ಥಿಗಳು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಕುಂದಾಪುರದ ಕನ್ನಡವನ್ನೋ ಮಾತಾಡಿ, ತರಗತಿಯಲ್ಲಿ ಪುಸ್ತಕದ ಕನ್ನಡಕ್ಕೂ ಇಂಗ್ಲಿಷಿಗೂ ಹೊಂದಿಕೊಳ್ಳುತ್ತಿದ್ದರು.

ಆ ಕಾಲೇಜಿನ ದೊಡ್ಡತನವೆಂದು ನಾನು ಈಗಲೂ ಭಾವಿಸುವುದು ಒಂದನ್ನು: ಊರಿನ ಕಲೆಗಳನ್ನು ಅದು ತನ್ನ ಗೇಟಿನ ಹೊರಗೆ ನಿಲ್ಲಿಸಲಿಲ್ಲ. ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರ ಉತ್ಸಾಹದಿಂದ, ಶಿವರಾಮ ಕಾರಂತರ ಮಾರ್ಗದರ್ಶನದಲ್ಲಿ, ಕಾಲೇಜಿನ ಆಶ್ರಯದಲ್ಲೇ 1971ರಲ್ಲಿ ಯಕ್ಷಗಾನ ಕೇಂದ್ರ ಆರಂಭವಾಗಿತ್ತು. ಹಿರಿಯಡ್ಕ ಗೋಪಾಲ ರಾಯರಂಥ ಮದ್ದಳೆಗಾರರು ಅಲ್ಲಿ ಗುರುಗಳು. ನೂರು ವರ್ಷ ಬಾಳಿ 2020ರಲ್ಲಿ ಕಣ್ಮುಚ್ಚಿದ ಆ ಹಿರಿಯರ ಬೆರಳುಗಳು ಮದ್ದಳೆಯ ಮೇಲೆ ಆಡುವುದನ್ನು ಹತ್ತಿರದಿಂದ ನೋಡುವ ಭಾಗ್ಯ, ಅರ್ಥಶಾಸ್ತ್ರವನ್ನೋ ರಸಾಯನಶಾಸ್ತ್ರವನ್ನೋ ಓದಲೆಂದು ಬಂದ ಹುಡುಗರಿಗೂ ಸಿಕ್ಕಿತು. ಕಾರಂತರು ಯಕ್ಷಗಾನದೊಳಕ್ಕೆ ಪಿಟೀಲು, ಸ್ಯಾಕ್ಸೋಫೋನುಗಳನ್ನು ತಂದದ್ದು ಸರಿಯೇ ತಪ್ಪೇ ಎಂದು ಕ್ಯಾಂಟೀನಿನಲ್ಲಿ ಚಹಾ ಆರುವವರೆಗೂ ಜಗಳ ನಡೆಯುತ್ತಿತ್ತು. ಮಾತುಗಾರಿಕೆಯೇ ಪ್ರಾಣವೆಂದು ನಂಬಿದ ನಮ್ಮಂಥವರಿಗೆ ಮಾತಿಲ್ಲದ ಅವರ ನೃತ್ಯರೂಪಕಗಳು ಒಗ್ಗದಿದ್ದರೂ, ಅವುಗಳ ಬಣ್ಣವೂ ಹೆಜ್ಜೆಯೂ ಮನಸ್ಸಿನಿಂದ ಹೋಗಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳ ಗ್ರಂಥಭಂಡಾರ ಇದ್ದದ್ದೂ ಅದೇ ಕಾಲೇಜಿನ ಆಶ್ರಯದಲ್ಲಿ. ಅಷ್ಟೊಂದು ಭಾಷೆಗಳ ಪುಸ್ತಕಗಳು ಒಬ್ಬರೇ ಓದಿದ ಪುಸ್ತಕಗಳಾಗಿದ್ದವೆಂಬುದು ಹದಿನೆಂಟರ ವಯಸ್ಸಿನಲ್ಲಿ ನಂಬಲಾಗದ ಸಂಗತಿಯಾಗಿತ್ತು.

ಆದರೆ ನಾನು ಮಾತಾಡಬೇಕೆಂದು ಬಂದಿರುವುದು ಆಟದ ಬಗ್ಗೆ. ನಮ್ಮ ಸೀಮೆಯಲ್ಲಿ ಆಟ ಎಂದರೆ ಯಕ್ಷಗಾನವೇ. ಬೆಳಿಗ್ಗೆ ಹಾಸ್ಟೆಲಿಗೆ ಉದಯವಾಣಿ ಬಂದೊಡನೆ ಕೆಲವರು ಮೊದಲು ನೋಡುತ್ತಿದ್ದದ್ದು ಅಂದಿನ ಆಟಗಳ ಪಟ್ಟಿಯನ್ನು. ಸಾಲಿಗ್ರಾಮ ಮೇಳ ಎಲ್ಲಿ, ಅಮೃತೇಶ್ವರಿ ಎಲ್ಲಿ, ಸುರತ್ಕಲ್ ಮೇಳ ಎಲ್ಲಿ, ಪ್ರಸಂಗ, ಅಂದರೆ ಆಡುವ ಕಥೆ, ಯಾವುದು, ಯಾರು ಯಾವ ಪಾತ್ರ ಎಂಬುದನ್ನು ತಿಳಿದುಕೊಂಡ ಮೇಲೆಯೇ ಮಿಕ್ಕ ಸುದ್ದಿ. ಉಡುಪಿ ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟು, ಉತ್ತರದ ಶೈಲಿಯಾದ ಬಡಗುತಿಟ್ಟುಗಳ ಗಡಿಯಲ್ಲಿರುವುದರಿಂದ ಎರಡೂ ಬಗೆಯ ಆಟ ನಮಗೆ ದಕ್ಕುತ್ತಿತ್ತು. ತೆಂಕಿನ ಕಿರೀಟ, ಹಾರಿ ಸುತ್ತುವ ಧಿಗಿಣಗಳಿಗೆ ಸೋತವರು ಒಂದು ಪಕ್ಷ, ಬಡಗಿನ ಮುಂಡಾಸು, ಕುಣಿತಗಳಿಗೆ ಸೋತವರು ಇನ್ನೊಂದು ಪಕ್ಷ. ಸಂಜೆ ಮೇಳದ ಜೀಪು ಧ್ವನಿವರ್ಧಕದಲ್ಲಿ ಕೂಗುತ್ತ, ಬಣ್ಣದ ಕರಪತ್ರಗಳನ್ನು ಚೆಲ್ಲುತ್ತ ರಸ್ತೆಯಲ್ಲಿ ಹಾದುಹೋದರೆ, ರಾತ್ರಿಯ ಓದಿನ ಸಂಕಲ್ಪ ಅಲ್ಲಿಗೆ ಮುಗಿಯುತ್ತಿತ್ತು.

ಡೇರೆ ಮೇಳಗಳಿಗೆ ಟಿಕೇಟು ಇತ್ತು. ಮುಂದೆ ಆರಾಮ ಕುರ್ಚಿ, ಅದರ ಹಿಂದೆ ಸಾಧಾರಣ ಕುರ್ಚಿ, ಕೊನೆಗೆ ನೆಲ. ನಮ್ಮದು ನೆಲದ ದರ್ಜೆ. ಕಟಾವಾದ ಗದ್ದೆಯ ಕೂಳೆ ಚುಚ್ಚದಂತೆ ಚಾಪೆಯನ್ನೋ ಹಳೆಯ ಪತ್ರಿಕೆಯನ್ನೋ ಹಾಸಿ ಕೂರಬೇಕು. ಮಂದಾರ್ತಿ, ಕಟೀಲುಗಳಂಥ ದೇವಸ್ಥಾನಗಳ ಮೇಳದ ಹರಕೆಯಾಟಕ್ಕಾದರೆ ಟಿಕೇಟಿಲ್ಲ. ಆಟ ಆಡಿಸುವ ಮನೆಯವರು ಹೆಸರು ಬರೆಸಿ ವರ್ಷಗಟ್ಟಲೆ ಕಾದಿರುತ್ತಿದ್ದರು, ಆ ರಾತ್ರಿ ಬಂದವರೆಲ್ಲ ಅವರ ಅತಿಥಿಗಳು. ಗುರುತು ಪರಿಚಯವಿಲ್ಲದ ಕಾಲೇಜು ಹುಡುಗರಿಗೂ ಎಲೆ ಹಾಕಿ ಬಡಿಸಿದ ಅಂಥ ಅಂಗಳಗಳಲ್ಲಿ ಉಂಡ ಕುಚ್ಚಲಕ್ಕಿ ಅನ್ನ ಮತ್ತು ಮಟ್ಟುಗುಳ್ಳದ ಹುಳಿಯ ಋಣ ನನ್ನ ಮೇಲಿದೆ.

ನಮ್ಮ ಗುಂಪಿಗೆ ರಂಗಸ್ಥಳದಷ್ಟೇ ಪ್ರಿಯವಾಗಿದ್ದದ್ದು ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಜಾಗವಾದ ಚೌಕಿ. ಆಟವಿದೆಯೆಂದು ಚೆಂಡೆಯಲ್ಲಿ ಸಾರುವ ಮೊದಲ ಕೇಳಿ ಹೊಡೆಯುವ ಹೊತ್ತಿಗೇ ಹೋಗಿ ಅದರ ಅಂಚಿನಲ್ಲಿ ನಿಲ್ಲುತ್ತಿದ್ದೆವು. ಉದ್ದಕ್ಕೆ ಹಾಸಿದ ಚಾಪೆಯ ಎರಡೂ ಬದಿಯಲ್ಲಿ ಕಲಾವಿದರು ತಮ್ಮ ತಮ್ಮ ಪೆಟ್ಟಿಗೆಯೆದುರು ಕಾಲು ಮಡಚಿ ಕೂತು, ಎಡಗೈಯಲ್ಲಿ ಸಣ್ಣ ಕನ್ನಡಿ ಹಿಡಿದು, ತೆಂಗಿನೆಣ್ಣೆಯಲ್ಲಿ ಕಲಸಿದ ಬಣ್ಣವನ್ನು ಮುಖಕ್ಕೆ ತೀಡಿಕೊಳ್ಳುತ್ತಿದ್ದರು. ರಾಕ್ಷಸ ಪಾತ್ರ ಮಾಡುವ ಬಣ್ಣದ ವೇಷದವರದ್ದು ಎಲ್ಲರಿಗಿಂತ ದೀರ್ಘ ತಪಸ್ಸು. ಅಕ್ಕಿಹಿಟ್ಟು ಮತ್ತು ಸುಣ್ಣ ಸೇರಿಸಿದ ಮಿಶ್ರಣವನ್ನು ಸಪೂರ ಕಡ್ಡಿಯ ತುದಿಯಲ್ಲಿ ಎತ್ತಿ, ಹುಬ್ಬಿನ ಮೇಲೆ, ಕೆನ್ನೆಯ ಅಂಚಿಗೆ, ಒಂದೊಂದೇ ಮುಳ್ಳಿನಂತೆ ಚಿಟ್ಟಿ ಇಡುತ್ತ ಹೋಗಬೇಕು. ಒಂದು ಸಾಲು ಒಣಗಿದ ಮೇಲೆ ಇನ್ನೊಂದು ಸಾಲು. ಅಷ್ಟು ಹೊತ್ತೂ ಅವರು ನಗುವ ಹಾಗಿಲ್ಲ, ವೀಳ್ಯ ಜಗಿಯುವ ಹಾಗಿಲ್ಲ. ನಡುರಾತ್ರಿ ಕಳೆದು, ಪ್ರೇಕ್ಷಕರ ಕಣ್ಣು ಭಾರವಾಗುವ ಹೊತ್ತಿಗೆ ಸರಿಯಾಗಿ, ಆ ವೇಷ ಅಟ್ಟಹಾಸದೊಂದಿಗೆ ಸಭೆಯ ಹಿಂದಿನಿಂದ ಬಂದಾಗ ತೊಡೆಯ ಮೇಲೆ ಮಲಗಿದ್ದ ಮಕ್ಕಳು ಚೀರಿ ಏಳುತ್ತಿದ್ದರು. ಒಬ್ಬ ಮನುಷ್ಯ ಮೂರು ನಾಲ್ಕು ತಾಸು ತನ್ನ ಮುಖವನ್ನು ಕಟ್ಟಿಕೊಂಡು, ಅರ್ಧ ತಾಸಿನ ಪ್ರವೇಶಕ್ಕಾಗಿ ಮೌನವಾಗಿ ಕಾಯುವುದನ್ನು ಕಂಡ ಮೇಲೆ, ಕೆಲಸ ಎಂದರೇನು ಎಂಬ ಬಗ್ಗೆ ನನ್ನ ಕಲ್ಪನೆಯೇ ಬದಲಾಯಿತು.

ಆಗಷ್ಟೇ ಜನರ ಬಾಯಲ್ಲಿ ಹೆಸರಾಗುತ್ತಿದ್ದ ಯುವ ಭಾಗವತ, ಅಂದರೆ ಆಟದ ಹಾಡುಗಾರ, ಗುಂಡ್ಮಿ ಕಾಳಿಂಗ ನಾವಡರ ಬಗ್ಗೆ ಹೇಳದೆ ಆ ವರ್ಷಗಳ ಮಾತು ಪೂರ್ತಿಯಾಗದು. ನಮ್ಮದೇ ಓರಗೆಯ ಆ ತರುಣನ ಕಂಠ ಕೇಳಲೆಂದೇ ಬಡಗಿನ ಆಟಕ್ಕೆ ಬಾರದಿದ್ದವರೂ ಬರತೊಡಗಿದರು. 1990ರ ಮೇ ತಿಂಗಳಲ್ಲಿ, ಮೂವತ್ತೆರಡು ತುಂಬುವ ಮೊದಲೇ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡಾಗ, ಚದುರಿಹೋಗಿದ್ದ ನಮ್ಮ ಸಹಪಾಠಿಗಳು ಒಬ್ಬರಿಗೊಬ್ಬರು ಕಾಗದ ಬರೆದುಕೊಂಡರು.

ಬೆಳಕು ಹರಿಯುವ ಹೊತ್ತಿಗೆ ಮಂಗಳ ಹಾಡಿ ಆಟ ಮುಗಿಯುತ್ತಿತ್ತು. ಗದ್ದೆಯ ಹುಣಿಯ ಮೇಲೆ ಸಾಲಾಗಿ ನಡೆದು ರಸ್ತೆ ಸೇರಿ, ಮೊದಲ ಬಸ್ಸು ಬರುವವರೆಗೆ ಕಲಾವಿದರ ಅರ್ಥಗಾರಿಕೆಯನ್ನು, ಅಂದರೆ ಪಾತ್ರಗಳಾಗಿ ಅವರು ಆಡಿದ ಮಾತುಗಳನ್ನು, ನಾವೇ ಮತ್ತೊಮ್ಮೆ ಹೇಳಿ ನೋಡುತ್ತಿದ್ದೆವು. ರಥಬೀದಿಯ ಮಿತ್ರ ಸಮಾಜ ಹೋಟೆಲಿನಲ್ಲಿ ಬಿಸಿ ಗೋಳಿಬಜೆ ತಿಂದು, ಹಾಗೆಯೇ ತರಗತಿಗೆ ಹೋದದ್ದೂ ಉಂಟು. ಕೆಂಪಾದ ಕಣ್ಣುಗಳನ್ನು ನೋಡಿ ಅಧ್ಯಾಪಕರೊಬ್ಬರು ಗದರುವ ಬದಲು, ನಿನ್ನೆ ಕರ್ಣನ ಪಾತ್ರ ಯಾರದ್ದು, ಹೇಗಾಯಿತು ಎಂದು ವಿಚಾರಿಸುತ್ತಿದ್ದರು. ಅವರಿಗೂ ಬರುವ ಮನಸ್ಸಿತ್ತು.

ಮಳೆಗಾಲದಲ್ಲಿ ವೇಷಗಳು ಪೆಟ್ಟಿಗೆ ಸೇರುತ್ತಿದ್ದವು, ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಹೆಂಚಿನ ಮಾಡಿನ ಮೇಲೆ ಆಷಾಢದ ಮಳೆ ಹುಯ್ಯುತ್ತಿರುವಾಗ, ಯಾರದೋ ಮನೆಯ ಚಾವಡಿಯಲ್ಲೋ ದೇವಸ್ಥಾನದಲ್ಲೋ, ವೇಷವೂ ಕುಣಿತವೂ ಇಲ್ಲದೆ ಕೂತು ಹಾಡು ಮಾತುಗಳಲ್ಲೇ ನಡೆಸುವ ತಾಳಮದ್ದಳೆ. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆಯ ಸಾಮಗ ಸಹೋದರರು ಅರ್ಥ ಹೇಳುತ್ತಾರೆಂದರೆ ಕೊಡೆ ಹಿಡಿದು ನಾಲ್ಕು ಮೈಲಿ ನಡೆದು ಹೋಗುವುದು ಹೆಚ್ಚಿನ ಮಾತಲ್ಲ. ಮರೆಯಿಂದ ಬಾಣ ಹೊಡೆದ ರಾಮನನ್ನು ನೆಲಕ್ಕುರುಳಿದ ವಾಲಿ ಪ್ರಶ್ನಿಸುವ ಸಂದರ್ಭ ಬಂದರೆ ಸಭೆ ಉಸಿರು ಬಿಗಿಹಿಡಿದು ಕೂರುತ್ತಿತ್ತು. ವಾಲಿಯ ಮಾತು ಕೇಳುವಾಗ ವಾಲಿಯೇ ಸರಿ, ರಾಮನ ಮಾತು ಕೇಳುವಾಗ ರಾಮನೇ ಸರಿ. ಎದುರಾಳಿಯ ವಾದವನ್ನು ಪೂರ್ತಿ ಕೇಳಿಸಿಕೊಂಡು, ಅದರ ಬಲವನ್ನು ಒಪ್ಪಿಕೊಂಡು, ಆಮೇಲೆ ಉತ್ತರ ಕೊಡುವ ಶಿಸ್ತನ್ನು ನಾನು ಯಾವ ಚರ್ಚಾಸ್ಪರ್ಧೆಯಲ್ಲೂ ಆ ಮಟ್ಟದಲ್ಲಿ ಕಂಡಿಲ್ಲ. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ಈ ಅರ್ಥಧಾರಿಗಳ ಧ್ವನಿ ಬಾನುಲಿಯಲ್ಲೂ ಬರತೊಡಗಿತು. ಹಾಸ್ಟೆಲಿನ ಒಂದೇ ರೇಡಿಯೋದ ಸುತ್ತ ಇಪ್ಪತ್ತು ಮಂದಿ ಕೂತು ಕೇಳಿದ ಸುಖವನ್ನು ಬಾನುಲಿಯಲ್ಲೇ ಹೇಳುವ ಅವಕಾಶ ನನಗೆ ಇಂದು ಸಿಕ್ಕಿದೆ.

ಊರಿನ ಇತರ ಹಬ್ಬಗಳೂ ನಿದ್ದೆಗೆಡಿಸುವಂಥವೇ. ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ, ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಪರ್ಯಾಯಕ್ಕೆ ಮೊದಲು, ಮಧ್ವ ಸರೋವರದ ಬಳಿ ಕಟ್ಟಿಗೆಯನ್ನು ರಥದಾಕಾರದಲ್ಲಿ ಒಟ್ಟುವುದನ್ನು ನೋಡುತ್ತಲೇ ಹಬ್ಬ ಹತ್ತಿರವಾಯಿತೆಂದು ಲೆಕ್ಕ ಹಾಕುತ್ತಿದ್ದೆವು. ಅಂದಿನ ರಾತ್ರಿ ಇಡೀ ಪೇಟೆ ಬೀದಿಯಲ್ಲೇ ಇರುತ್ತಿತ್ತು. ಜೋಡುಕಟ್ಟೆಯಿಂದ ಹೊರಟ ಮೆರವಣಿಗೆ ನಸುಕಿನಲ್ಲಿ ರಥಬೀದಿ ತಲುಪುವವರೆಗೆ ಮನೆಗೆ ಹೋಗುವ ಯೋಚನೆ ಯಾರಿಗೂ ಇಲ್ಲ. ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯಂದು ತಾಸೆಯ ಬಡಿತ ಕೇಳಿದರೆ ಹುಲಿವೇಷದ ಹಿಂದೆ ಓಡಿದ ಹುಡುಗರಲ್ಲಿ ಪದವಿ ತರಗತಿಯವರೂ ಇದ್ದರು. ಕೈಯಲ್ಲಿ ನಾಲ್ಕು ಕಾಸು ಉಳಿದ ತಿಂಗಳಲ್ಲಿ ಡಯಾನಾ ಹೋಟೆಲಿನ ಗಡ್‌ಬಡ್ ಐಸ್‌ಕ್ರೀಮು. ಒಂದೇ ಗ್ಲಾಸಿಗೆ ಮೂರು ಚಮಚ.

ಪದವಿ ಮುಗಿದ ಮೇಲೆ ನಮ್ಮನ್ನು ಚದುರಿಸಿದ್ದು ಬ್ಯಾಂಕುಗಳು. ಉಡುಪಿಯಲ್ಲೇ 1906ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ನಮ್ಮ ತಲೆಮಾರಿನ ಅದೆಷ್ಟೋ ಮಂದಿಗೆ ಅನ್ನ ಕೊಟ್ಟು, ದೇಶದ ಮೂಲೆ ಮೂಲೆಗೆ ಕಳುಹಿಸಿದವು. 2020ರ ಏಪ್ರಿಲ್ ಒಂದರಂದು ಎರಡೂ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಕೆಲಸ ಕೊಟ್ಟ ಸಂಸ್ಥೆಯ ಹೆಸರನ್ನು ಊರಿನ ಬೋರ್ಡಿನಿಂದ ಇಳಿಸಿದ ದಿನ ನಿವೃತ್ತ ಗೆಳೆಯರೊಬ್ಬರು ಫೋನಿನಲ್ಲಿ ಮಾತೇ ಆಡದೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಯಕ್ಷಗಾನ ಅಳಿಯಿತೆಂದು ನಾನು ದುಃಖಿಸುತ್ತಿಲ್ಲ. ಅದು ಅಳಿದಿಲ್ಲ. ಹರಕೆಯಾಟಗಳಿಗೆ ಈಗಲೂ ಜನ ಸಾಲುಗಟ್ಟಿದ್ದಾರೆ, ಶಾಲಾ ಮಕ್ಕಳು ಗೆಜ್ಜೆ ಕಟ್ಟುತ್ತಿದ್ದಾರೆ, ಹೆಣ್ಣುಮಕ್ಕಳು ಭಾಗವತಿಕೆಯ ಜಾಗಟೆ ಹಿಡಿದಿದ್ದಾರೆ. ಇದೆಲ್ಲ ನಮ್ಮ ಕಾಲದಲ್ಲಿ ಇಷ್ಟು ಸಲೀಸಾಗಿರಲಿಲ್ಲ. ಕಳೆದುಹೋದದ್ದು ಇಡೀ ರಾತ್ರಿ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಓಡಬೇಕಾದವರಿಗೆ ನಿದ್ದೆ ಕೆಡುವುದು ಕಷ್ಟ. ರಾತ್ರಿ ಹತ್ತರ ಬಳಿಕ ಬಯಲಿನಲ್ಲಿ ಧ್ವನಿವರ್ಧಕ ಬಳಸುವುದಕ್ಕೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ನಿರ್ಬಂಧವಿದೆ. ಕಾಲಮಿತಿಯ ಪ್ರದರ್ಶನಗಳು ಬಂದದ್ದು ಇಂಥ ಕಾರಣಗಳಿಂದ, ಮತ್ತು ಕಲಾವಿದರ ಆರೋಗ್ಯದ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ನಾಲ್ಕೈದು ತಾಸಿಗೆ ಕತ್ತರಿಸಿದ ಪ್ರಸಂಗದಲ್ಲಿ ಮೊದಲು ಬಲಿಯಾಗುವುದು ಕಥೆಗೆ ಮುಂಚಿನ ಕುಣಿತಗಳ ಭಾಗವಾದ ಪೂರ್ವರಂಗ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳ ಮೂಲಕ ಎಳೆಯ ಕಲಾವಿದರು ರಂಗಸ್ಥಳದ ಅಂಜಿಕೆ ಕಳೆದುಕೊಂಡು ಮೇಲೇರುತ್ತಿದ್ದ ಮೆಟ್ಟಿಲುಗಳು ಅವು. ಎರಡನೆಯ ಬಲಿ ಬೆಳಗಿನ ಜಾವದ ಬಣ್ಣದ ವೇಷ. ಹತ್ತು ಗಂಟೆಯ ರಾತ್ರಿಯಲ್ಲಿ, ಎಲ್ಲರೂ ಪೂರ್ತಿ ಎಚ್ಚರವಿರುವಾಗ ಬಂದ ರಾಕ್ಷಸನಿಗೆ ಮಕ್ಕಳು ಹೆದರುವುದಿಲ್ಲ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುತ್ತಾರೆ.

ಆದ್ದರಿಂದ ನನ್ನ ಕಾಲೇಜಿನ ಮುಂದೆ, ಉಡುಪಿಯ ಎಲ್ಲ ಕಾಲೇಜುಗಳ ಮುಂದೆ ಒಂದು ಬೇಡಿಕೆ ಇಡುತ್ತೇನೆ. ವರ್ಷಕ್ಕೊಮ್ಮೆ, ಜನವರಿಯ ಒಂದು ಶನಿವಾರ, ಕಾಲೇಜಿನ ಅಂಗಳದಲ್ಲಿ ಮೈಕಿಲ್ಲದ ಒಂದು ಇಡೀ ರಾತ್ರಿಯ ಆಟ ಆಡಿಸಲಿ. ಮೈಕು ಬರುವ ಮೊದಲೂ ಭಾಗವತರು ಸಾವಿರ ಜನಕ್ಕೆ ಕೇಳುವಂತೆ ಹಾಡುತ್ತಿದ್ದರು, ನಿಯಮಕ್ಕೂ ಭಂಗ ಬಾರದು. ವಿದ್ಯಾರ್ಥಿಗಳು ಸಂಜೆಯೇ ಚೌಕಿಗೆ ಬಂದು ಚಿಟ್ಟಿ ಇಡುವುದನ್ನು ನೋಡಲಿ, ಪೂರ್ವರಂಗದಿಂದ ಮಂಗಳದವರೆಗೆ ಒಂದೂ ಅಂಗ ಬಿಡದೆ ನಡೆಯಲಿ. ಖರ್ಚಿಗೆ ಹಳೆಯ ವಿದ್ಯಾರ್ಥಿಗಳಾದ ನಾವಿದ್ದೇವೆ. ಹಾಗೆಯೇ, ಈ ಮಾತು ಕೇಳುತ್ತಿರುವ ನನ್ನ ಓರಗೆಯವರ ಮನೆಯ ಅಟ್ಟದಲ್ಲಿ ಆ ಕಾಲದ ಮೇಳಗಳ ಕರಪತ್ರಗಳೋ ಚೌಕಿಯ ಫೋಟೋಗಳೋ ಉಳಿದಿದ್ದರೆ, ಗೆದ್ದಲು ಹಿಡಿಯುವ ಮೊದಲು ಅವುಗಳನ್ನು ಕಾಲೇಜಿನ ಗ್ರಂಥಾಲಯಕ್ಕೆ ತಲುಪಿಸಿ. ಯಾವ ರಾತ್ರಿ ಯಾವ ಗದ್ದೆಯಲ್ಲಿ ಯಾರು ಯಾವ ಪಾತ್ರ ಮಾಡಿದರೆಂಬ ದಾಖಲೆ ಆ ತೆಳು ಬಣ್ಣದ ಕಾಗದಗಳಲ್ಲಿ ಬಿಟ್ಟರೆ ಬೇರೆಲ್ಲೂ ಅಷ್ಟು ವಿವರವಾಗಿ ಸಿಗುವುದು ಕಷ್ಟ. ನನ್ನ ಬಳಿ ಇದ್ದವುಗಳನ್ನು ಈ ಬೇಸಗೆಯಲ್ಲಿ ಒಯ್ದು ಕೊಡಲಿದ್ದೇನೆ.

ನಮಸ್ಕಾರ.